ಭಯ ಹೋಗಲಿ ಅಂತ ಕಾಯುತ್ತಾ ಕೂತಿದ್ದೆ

2024ರ ಜುಲೈ, ಒಂದು ಶುಕ್ರವಾರ ಸಂಜೆ. ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡ್ತಿದ್ದೆ. ಆ ಕಡೆ ಕೂತಿದ್ದ ಹುಡುಗನಿಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ ಇರಬಹುದು. ಹಿಂದೆ ಪಿಜಿ ರೂಮಿನ ಗೋಡೆ, ಹಗ್ಗದ ಮೇಲೆ ಒಣಹಾಕಿದ ಟವೆಲ್. ರೆಸ್ಯೂಮೆಯಲ್ಲಿ ಎರಡೂವರೆ ವರ್ಷದ ಅನುಭವ ಅಂತ ಇತ್ತು.

ಮೂರನೇ ಪ್ರಶ್ನೆಗೇ ನನಗೆ ಗೊತ್ತಾಗಿಬಿಟ್ಟಿತು. ಹುಡುಗ ಕೋಡ್ ಚೆನ್ನಾಗಿ ಬರೀತಾನೆ. ಆದರೆ "ರಾತ್ರಿ ಎರಡು ಗಂಟೆಗೆ ಸರ್ವರ್ ಡೌನ್ ಆದರೆ ಮೊದಲು ಏನು ನೋಡ್ತೀರಿ?" ಅಂದರೆ ಬಾಯಿಪಾಠದ ಉತ್ತರ. ಟೀಮಿನಲ್ಲಿ ಎಷ್ಟು ಜನ ಇದ್ದರು ಅಂದರೆ ಒಂದು ಕ್ಷಣ ತಡೆದು, ಆಮೇಲೆ ಒಂದು ಸಂಖ್ಯೆ. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಬರೆದೆ: ಅನುಭವ ನಕಲಿ ಇರಬಹುದು, ಬೇಡ. ಎಚ್‌ಆರ್‌ನಿಂದ ತಕ್ಷಣ "ಗುಡ್ ಕ್ಯಾಚ್" ಅಂತ ಮೆಸೇಜ್ ಬಂತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನನ್ನು ಅಷ್ಟು ಬೇಗ ಹಿಡಿಯೋಕೆ ಕಾರಣ ನನ್ನ ಜಾಣತನ ಆಗಿರಲಿಲ್ಲ. ಆ ಉತ್ತರಗಳನ್ನೆಲ್ಲ ಒಂದು ಕಾಲದಲ್ಲಿ ನಾನೂ ಬಾಯಿಪಾಠ ಮಾಡಿದ್ದೆ.

ಒಂದು ವರ್ಷ ಎಂಟು ತಿಂಗಳು

ನಾನು ಗದಗದವನು. ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು, ಈಗ ನಿವೃತ್ತರು. ಮನೆಯಲ್ಲಿ ಸಂಜೆ ಪ್ರಾರ್ಥನೆ ತಪ್ಪಿದ ದಿನವೇ ಇಲ್ಲ. 2016ರಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದೆ. ಮಾರತಹಳ್ಳಿಯ ಪಿಜಿಯಲ್ಲಿ ನಾಲ್ಕು ಜನರ ಮಧ್ಯೆ ಒಂದು ಮಂಚ. ಹೋದಲ್ಲೆಲ್ಲ ಅದೇ ಮಾತು: ಫ್ರೆಶರ್ ಬೇಡ, ಅನುಭವ ಇದ್ದರೆ ಹೇಳಿ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ. ಈ ಸುಳಿಯಲ್ಲಿ ಸಿಕ್ಕಿಕೊಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗೇ ಒಂದೂವರೆ ವರ್ಷ ಕಳೆಯಿತು. ರೂಮ್‌ಮೇಟ್ ಒಬ್ಬ ಒಂದು ಕನ್ಸಲ್ಟೆನ್ಸಿಗೆ ಕರೆದುಕೊಂಡು ಹೋದ. 45,000 ರೂಪಾಯಿ ಕೊಟ್ಟರೆ ಆಫರ್ ಲೆಟರ್, ಪೇಸ್ಲಿಪ್, ರಿಲೀವಿಂಗ್ ಲೆಟರ್, ಜೊತೆಗೆ ಯಾರಾದರೂ ವಿಚಾರಿಸಿ ಫೋನ್ ಮಾಡಿದರೆ "ಹೌದು, ನಮ್ಮಲ್ಲೇ ಇದ್ದರು" ಅನ್ನೋಕೆ ಒಬ್ಬ ಮನುಷ್ಯ. ನನಗೆ ಸಿಕ್ಕಿದ್ದು ಒಂದು ವರ್ಷ ಎಂಟು ತಿಂಗಳ ಅನುಭವ. ನಾನು ಒಂದು ದಿನವೂ ಕಾಲಿಡದ ಆಫೀಸಿನದ್ದು.

ಮನೆಗೆ 'ಕೋರ್ಸ್ ಫೀಸ್' ಅಂತ ಹೇಳಿದೆ. ಅವ್ವ ಕೈಯ ಬಳೆ ಒತ್ತೆ ಇಟ್ಟು ದುಡ್ಡು ಕಳಿಸಿದಳು.

2018ರ ಆರಂಭದಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಊರಿನ ಸಭೆಗೆ ಹೋಗಿ ಕೃತಜ್ಞತಾ ಕಾಣಿಕೆ ಕೊಟ್ಟೆ. ದೇವರು ಹೇಗೆ ದಾರಿ ತೆರೆದ ಅಂತ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಿದೆ. ಆ ಸಾಕ್ಷಿಯಲ್ಲಿ ಕನ್ಸಲ್ಟೆನ್ಸಿಯ ಪ್ರಸ್ತಾಪ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಎಲ್ಲವೂ ಚೆನ್ನಾಗೇ ನಡೀತು. ಕೆಲಸ ನಿಜವಾಗಿಯೂ ಕಲಿತೆ. 2021ರಲ್ಲಿ ಅದೇ ರೆಸ್ಯೂಮೆ ಹಿಡಿದು ಇನ್ನೊಂದು ಕಂಪನಿಗೆ ಬಂದೆ, ಟೀಮ್ ಲೀಡ್ ಆದೆ. ಮದುವೆ ಆಯ್ತು, ಮಗಳು ಹುಟ್ಟಿದಳು. ಭಾನುವಾರ ಸಭೆ, ಗಾಯನ ತಂಡ, ಯುವಕರ ಕೂಟದಲ್ಲಿ ಪಾಠ. ಆದರೆ 'ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್' ಅನ್ನೋ ಎರಡು ಪದ ಮೇಲ್‌ನಲ್ಲಿ ಕಂಡರೆ ಸಾಕು, ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗ್ತಿತ್ತು.

ಒಂದು ಪ್ರಶ್ನೆ

ಆ ಇಂಟರ್‌ವ್ಯೂ ಆಗಿ ಎರಡೇ ದಿನ. ಭಾನುವಾರ ಯುವಕರ ಕೂಟದಲ್ಲಿ ನನ್ನದೇ ಪಾಠ, ಲೂಕನ ಸುವಾರ್ತೆ 19ನೇ ಅಧ್ಯಾಯದ ಜಕ್ಕಾಯ. ಸುಂಕ ವಸೂಲಿಯಲ್ಲಿ ದುಡ್ಡು ಮಾಡಿದವನು, ಮರ ಹತ್ತಿ ಯೇಸುವನ್ನು ನೋಡಿದವನು, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸ್ತೀನಿ ಅಂದವನು. ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಅಣ್ಣಾ, ಜಕ್ಕಾಯ ದುಡ್ಡು ವಾಪಸ್ ಕೊಟ್ಟಿದ್ದು ಯೇಸುಸ್ವಾಮಿ ಒಪ್ಪಿಕೊಳ್ಳಲಿ ಅಂತಾನಾ, ಒಪ್ಪಿಕೊಂಡಿದ್ದಕ್ಕಾ?"

ಒಪ್ಪಿಕೊಂಡಿದ್ದಕ್ಕೆ, ಅಂದೆ. ಯೇಸು ಮೊದಲೇ ಅವನ ಮನೆಗೆ ಬರ್ತೀನಿ ಅಂದಿದ್ದ. ಲೆಕ್ಕ ಚುಕ್ತಾ ಆಗಿದ್ದು ಆಮೇಲೆ.

ಉತ್ತರ ಕೊಟ್ಟವನು ನಾನೇ, ಸಿಕ್ಕಿಬಿದ್ದವನೂ ನಾನೇ. ಆಕಾಶದಿಂದ ಧ್ವನಿ ಬರಲಿಲ್ಲ, ಕನಸೂ ಬೀಳಲಿಲ್ಲ. ನಾನು ಏನು ಮಾಡಬೇಕು ಅನ್ನೋದು ಮಾತ್ರ ಅನುಮಾನಕ್ಕೆ ಜಾಗ ಇಲ್ಲದಷ್ಟು ಸ್ಪಷ್ಟವಾಯ್ತು. ದೇವರ ಚಿತ್ತ ಗೊತ್ತಾಗ್ತಿಲ್ಲ ಅಂತ ನಾವು ತುಂಬಾ ಸಲ ಹೇಳ್ತೀವಿ. ನನ್ನ ಕಷ್ಟ ಬೇರೆ ಇತ್ತು. ಚಿತ್ತ ಗೊತ್ತಾಗಿತ್ತು, ಕಾಲು ಏಳ್ತಿರಲಿಲ್ಲ.

ಜವಾಬ್ದಾರಿಯ ವೇಷ

ಭಯ ತನ್ನ ಹೆಸರು ಹೇಳಿಕೊಂಡು ಬರೋದಿಲ್ಲ. ನನ್ನ ಹತ್ತಿರ ಅದು ಜವಾಬ್ದಾರಿಯ ವೇಷದಲ್ಲಿ ಬಂತು. ಅಪ್ಪನ ಹೃದಯದ ಆಪರೇಷನ್‌ಗೆ ತೆಗೆದ ಪರ್ಸನಲ್ ಲೋನ್ ಇದೆ, ಕಾರಿನ ಸಾಲ ಇದೆ, ಎರಡೂ ಸೇರಿ ತಿಂಗಳಿಗೆ 28,000 ಕಂತು. ಮಗಳನ್ನು ಶಾಲೆಗೆ ಸೇರಿಸಬೇಕು. ಈಗ ಹೇಳಿದರೆ ಪ್ರಾಜೆಕ್ಟ್ ನಿಂತುಹೋಗುತ್ತೆ, ಟೀಮಿಗೆ ಅನ್ಯಾಯ. ಮೇಲಾಗಿ ಆರು ವರ್ಷ ಪ್ರಾಮಾಣಿಕವಾಗಿ ದುಡಿದಿದ್ದೀನಲ್ಲ, ಅದೇ ಪ್ರಾಯಶ್ಚಿತ್ತ ಅಲ್ವಾ?

ಒಂದೊಂದೂ ಸರಿಯಾದ ಮಾತೇ. ಎಲ್ಲ ಸೇರಿ ನನ್ನನ್ನು ಕೂತಲ್ಲೇ ಕೂರಿಸೋಕೆ ಬಂದಿದ್ದವು.

ಪ್ರಾರ್ಥನೆಯನ್ನೂ ಬಿಡಲಿಲ್ಲ. ಆದರೆ ನನ್ನ ಪ್ರಾರ್ಥನೆ ಹೀಗಿತ್ತು: "ಕರ್ತನೇ, ಮೊದಲು ಈ ಭಯ ತೆಗೆದುಬಿಡು. ಆಮೇಲೆ ಖಂಡಿತ ಹೇಳ್ತೀನಿ." ಆಗಸ್ಟ್ ಹೋಯ್ತು, ಸೆಪ್ಟೆಂಬರ್ ಹೋಯ್ತು. ಭಯ ಒಂದಿಂಚೂ ಕದಲಲಿಲ್ಲ.

ಹೆದರಿಕೊಂಡೇ ಮಾತಾಡಿದ ಪಾನಸೇವಕ

ಆ ದಿನಗಳಲ್ಲಿ ನನಗೆ ಜೊತೆಯಾದವನು ನೆಹೆಮೀಯ. ಕ್ರಿ.ಪೂ. 445ರ ಸುಮಾರು. ಪಾರಸಿಯ ರಾಜ ಅರ್ತಷಸ್ತನ ಶೂಷನ್ ಅರಮನೆಯಲ್ಲಿ ಅವನು ಪಾನಸೇವಕ. ರಾಜನ ಕೈಗೆ ದ್ರಾಕ್ಷಾರಸದ ಬಟ್ಟಲು ಕೊಡುವ, ತುಂಬಾ ನಂಬಿಕೆಯ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಳ್ಳೆ ಕಂಪನಿ, ಒಳ್ಳೆ ಹುದ್ದೆ. ದೂರದ ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಅಂತ ಸುದ್ದಿ ಬಂದಾಗ ಅವನು ಕೂತು ಅತ್ತ, ಉಪವಾಸ ಮಾಡಿದ. ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ರಾಜನ ಹತ್ತಿರ ಬಾಯಿಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು.

ಒಂದು ದಿನ ರಾಜನೇ ಕೇಳಿದ: ಯಾಕೆ ನಿನ್ನ ಮುಖ ಬಾಡಿದೆ? ಆ ಕ್ಷಣ ತನಗೆ ಬಹಳ ಭಯವಾಯಿತು ಅಂತ ನೆಹೆಮೀಯ ತಾನೇ ಬರೆದುಕೊಂಡಿದ್ದಾನೆ. ಭಯಕ್ಕೆ ಕಾರಣವೂ ಇತ್ತು. ಆ ಊರು ಕಟ್ಟೋದನ್ನ ನಿಲ್ಲಿಸಿ ಅಂತ ಹಿಂದೆ ಆಜ್ಞೆ ಹೊರಡಿಸಿದ್ದು ಅರ್ತಷಸ್ತನೇ ಎಂದು ಎಜ್ರನ ಪುಸ್ತಕ ಹೇಳುತ್ತೆ. ಅಂದರೆ ಬಾಸ್ ಸ್ವತಃ ಕ್ಯಾನ್ಸಲ್ ಮಾಡಿದ ಕೆಲಸವನ್ನು ಮತ್ತೆ ಶುರು ಮಾಡಿ ಅಂತ ಅವನ ಹತ್ತಿರಾನೇ ಕೇಳಬೇಕು.

ರಾಜನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮೀಯ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಮಾಡಿದ, ಬಾಯಿಬಿಟ್ಟ. ಭಯ ಹೋಯಿತು ಅಂತ ಎಲ್ಲೂ ಬರೆದಿಲ್ಲ. ಹೆದರಿದ, ಪ್ರಾರ್ಥಿಸಿದ, ಮಾತಾಡಿದ, ಅಷ್ಟೇ.

ನಾನು ನಿಂತುಬಿಟ್ಟದ್ದು ಅದರ ಮುಂದಿನ ಸಾಲುಗಳಲ್ಲಿ. ಎಷ್ಟು ದಿನ ಬೇಕು ಅಂದರೆ ಅವನು ಕಾಲ ಹೇಳಿದ. ದಾರಿಯ ಅಧಿಪತಿಗಳಿಗೆ ಪತ್ರ ಬೇಕು ಅಂದ. ಬಾಗಿಲುಗಳಿಗೆ ಮರ ಬೇಕು, ಅರಣ್ಯಪಾಲಕನಿಗೆ ಒಂದು ಪತ್ರ ಕೊಡಿ ಅಂದ. ಆ ನಾಲ್ಕು ತಿಂಗಳು ಅವನು ಅಳುತ್ತಾ ಮಾತ್ರ ಕೂತಿರಲಿಲ್ಲ, ಎಸ್ಟಿಮೇಟ್ ಹಾಕಿದ್ದ! ಗೋಡೆ ಕೊನೆಗೆ 52 ದಿನದಲ್ಲಿ ಎದ್ದು ನಿಂತಿತು. ನಮ್ಮ ಲೆಕ್ಕದಲ್ಲಿ ಎರಡು ವಾರದ ನಾಲ್ಕು ಸ್ಪ್ರಿಂಟ್‌ಗಿಂತ ಕಡಿಮೆ.

ಕಾಯೋದೇ ತಪ್ಪು ಅಂತಲ್ಲ, ನೆಹೆಮೀಯನೂ ಕಾದ. ಆದರೆ ಅವನ ಕಾಯುವಿಕೆ ದಿನದಿಂದ ದಿನಕ್ಕೆ ಮಾತಾಡುವ ಕ್ಷಣದ ಹತ್ತಿರ ಹೋಗ್ತಿತ್ತು. ನನ್ನದು ದೂರ ಹೋಗ್ತಿತ್ತು.

ಅವ್ವನ ಬಳೆ

ಮೊದಲು ಹೆಂಡತಿಗೆ ಹೇಳಿದೆ. ಮಗಳು ಮಲಗಿದ ಮೇಲೆ, ಅಡುಗೆಮನೆಯಲ್ಲಿ. ಅವಳು ಪಾತ್ರೆ ತೊಳೆಯೋದನ್ನ ನಿಲ್ಲಿಸಿ ತುಂಬಾ ಹೊತ್ತು ಸುಮ್ಮನಿದ್ದಳು. "ಮದುವೆಗೆ ಮುಂಚೆ ಹೇಳಬೇಕಿತ್ತು ರೀ," ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ದಿನ ನಮ್ಮಿಬ್ಬರ ಮಧ್ಯೆ ಮಾತು ಕಡಿಮೆ ಇತ್ತು. ಮೂರನೇ ದಿನ ಅವಳೇ ಮೊಬೈಲ್‌ನಲ್ಲಿ ಎಕ್ಸೆಲ್ ಶೀಟ್ ತೆರೆದು ಪಕ್ಕಕ್ಕೆ ಬಂದು ಕೂತಳು. "ನನ್ನ ಸಂಬಳದಲ್ಲಿ ಎಷ್ಟು ತಿಂಗಳು ನಡೆಯುತ್ತೆ ನೋಡೋಣ." ಅವಳು ಖಾಸಗಿ ಶಾಲೆಯಲ್ಲಿ ಟೀಚರ್. ಉಳಿತಾಯ ಸೇರಿಸಿ, ಕಾರು ಮಾರಿದರೆ, ಏಳು ತಿಂಗಳು. ನಮ್ಮ ಮನೆಯ ಎಸ್ಟಿಮೇಟ್ ಅವತ್ತು ಸಿದ್ಧ ಆಯ್ತು.

ದಸರೆ ರಜೆಗೆ ಗದಗಕ್ಕೆ ಹೋದೆವು. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಅವ್ವನ ಮುಂದೆ ಎಲ್ಲ ಹೇಳಿದೆ. ಕೋರ್ಸ್ ಫೀಸ್ ಅಂದದ್ದು ಸುಳ್ಳು, ಸಭೆಯಲ್ಲಿ ಹೇಳಿದ ಸಾಕ್ಷಿ ಅರ್ಧ ಸುಳ್ಳು.

ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಅವ್ವನೇ ಮೊದಲು ಮಾತಾಡಿದ್ದು.

"ಬಳಿ ಬಿಡಿಸ್ಕೊಂಡ್ ಬಂದು ಆರು ವರ್ಷ ಆತು. ನೀನ ಇನ್ನೂ ಅಲ್ಲೆ ಒತ್ತಿ ಕುಂತಿ. ಮದ್ಲ ನಿನ್ನ ಬಿಡಿಸ್ಕೊಂಡ್ ಬಾ."

"ಅಂಜಿಕಿ ಆಗ್ತೈತಿ ಅವ್ವಾ," ಅಂದೆ. ಮೂವತ್ತು ವರ್ಷದ ಗಂಡಸು, ಮಗುವಿನ ಹಾಗೆ.

ಆಗ ಅಪ್ಪ ಅಂದರು: "ಅಂಜಿಕಿ ಯಾರಿಗಿಲ್ಲೋ ಮಗಾ? ಅಂಜಿಕಿ ಹೋದ ಮ್ಯಾಲೆ ಹೋಗ್ತೀನಿ ಅಂದ್ರ ಹೊಸ್ತಲಾನೂ ದಾಟಂಗಿಲ್ಲ. ಅಂಜಕೋಂತನ ಹೋಗು."

ಅಂಜಕೋಂತನ ಹೋಗು. ಅಂಜುತ್ತಲೇ ಹೋಗು. ಧೈರ್ಯದ ಬಗ್ಗೆ ನಾನು ಎಷ್ಟೋ ಪ್ರಸಂಗ ಕೇಳಿದ್ದೀನಿ. ಮನಸ್ಸಿನಲ್ಲಿ ಉಳಿದದ್ದು ಈ ಎರಡು ಪದ.

ದಮಸ್ಕದ ಅನನೀಯ

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಮ್ಮ ಸಭೆಯ ಅಯ್ಯನವರ ಹತ್ತಿರ ಮಾತಾಡಿದೆ. ಅವರು ಎರಡು ಕೆಲಸ ಮಾಡಿದರು. ಮೊದಲನೆಯದು, ಸಭೆಯಲ್ಲೇ ಇದ್ದ ಒಬ್ಬ ವಕೀಲರ ಹತ್ತಿರ ಕಳಿಸಿದರು. ಕಂಪನಿ ಕೆಲಸದಿಂದ ತೆಗೆಯಬಹುದು, ಬೇಕಿದ್ದರೆ ಕಾನೂನು ಕ್ರಮಕ್ಕೂ ಹೋಗಬಹುದು, ಎರಡಕ್ಕೂ ತಯಾರಾಗಿ ಹೋಗಿ ಅಂತ ವಕೀಲರು ನೇರವಾಗಿ ಹೇಳಿದರು. ಇದು ಅಪನಂಬಿಕೆ ಅಲ್ವಾ ಅಂತ ನನಗೆ ಅನಿಸಿತ್ತು. ಆದರೆ ನೆಹೆಮೀಯ ಕೂಡ ಯೆರೂಸಲೇಮಿಗೆ ಹೋದ ಮೇಲೆ ಯಾರಿಗೂ ಹೇಳದೆ, ಕೆಲವೇ ಜನರನ್ನ ಕರೆದುಕೊಂಡು, ರಾತ್ರಿ ಹೊತ್ತು ಗೋಡೆ ಸುತ್ತಿ ನೋಡಿ ಬಂದಿದ್ದ.

ಎರಡನೆಯದು, ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯ ಓದೋಕೆ ಹೇಳಿದರು. ಸೌಲ ಪೌಲನಾದ ಕಥೆ ಎಲ್ಲರಿಗೂ ಗೊತ್ತು. ಅಯ್ಯನವರು ಹೇಳಿದ್ದು ಅನನೀಯನನ್ನು ನೋಡು ಅಂತ.

ದಮಸ್ಕದಲ್ಲಿದ್ದ ಸಾಧಾರಣ ಶಿಷ್ಯ ಅವನು. ನೆಟ್ಟನೆಯ ಬೀದಿಗೆ ಹೋಗು, ಅಲ್ಲಿ ಸೌಲ ಇದ್ದಾನೆ, ಅವನ ಮೇಲೆ ಕೈಯಿಟ್ಟು ಪ್ರಾರ್ಥಿಸು ಅಂತ ಕರ್ತನ ಅಪ್ಪಣೆ ಆಯ್ತು. ಸೌಲ ಅಂದರೆ ವಿಶ್ವಾಸಿಗಳನ್ನು ಹಿಡಿದು ಕಟ್ಟಿಕೊಂಡು ಹೋಗೋಕೆ ಅಧಿಕಾರ ಪಡೆದು ಬಂದವನು. ಅನನೀಯ ಏನು ಮಾಡಿದ? ವಾದ ಮಾಡಿದ. ಇವನು ಎಂಥವನು ಗೊತ್ತಾ ಅಂತ ದೇವರಿಗೇ ಮಾಹಿತಿ ಕೊಟ್ಟ! ದೇವರು ಬೈಯಲಿಲ್ಲ. ಸೌಲನನ್ನು ಯಾಕೆ ಆರಿಸಿಕೊಂಡೆ ಅಂತ ವಿವರಿಸಿದ. ಆದರೆ ಒಂದು ಮಾತು ಹೇಳಲಿಲ್ಲ: ನಿನಗೆ ಏನೂ ಆಗಲ್ಲ, ಹೆದರಬೇಡ.

ಆ ಗ್ಯಾರಂಟಿ ಇಲ್ಲದೇ ಅನನೀಯ ಹೋದ. ಮನೆಯೊಳಗೆ ಕಾಲಿಟ್ಟು, ತಾನು ಹೆದರಿದ್ದ ಆ ಮನುಷ್ಯನನ್ನೇ ಸಹೋದರ ಅಂತ ಕರೆದ.

ಅದನ್ನ ಓದಿದ ಮೇಲೆ ನನ್ನ ಪ್ರಾರ್ಥನೆ ಬದಲಾಯ್ತು. 'ಭಯ ತೆಗೆ' ಅನ್ನೋದು ಹೋಗಿ 'ಜೊತೆಗಿರು' ಅನ್ನೋದು ಬಂತು. ಮ್ಯಾನೇಜರ್ ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆ ಬುಕ್ ಮಾಡಿದೆ. ನವೆಂಬರ್, ಮಂಗಳವಾರ, ಬೆಳಿಗ್ಗೆ ಹನ್ನೊಂದು.

ಹಿಂದಿನ ರಾತ್ರಿ ಡಚ್ ಮಹಿಳೆ ಕೋರಿ ಟೆನ್ ಬೂಮ್ ಹೇಳಿಕೊಂಡ ಒಂದು ಬಾಲ್ಯದ ಘಟನೆ ನೆನಪಾಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ಲೆಮ್ ಊರಿನ ತಮ್ಮ ಮನೆಯಲ್ಲಿ ಯೆಹೂದ್ಯರನ್ನು ಬಚ್ಚಿಟ್ಟು, 1944ರಲ್ಲಿ ಬಂಧನಕ್ಕೊಳಗಾದ ಕುಟುಂಬ ಅವರದು. ಚಿಕ್ಕವಳಿದ್ದಾಗ ಸಾವಿನ ಭಯದಿಂದ ಅತ್ತಾಗ ಅಪ್ಪ ಕೇಳಿದರಂತೆ: ನಾವು ರೈಲಿನಲ್ಲಿ ಹೋಗುವಾಗ ಟಿಕೆಟ್ ನಿನ್ನ ಕೈಗೆ ಯಾವಾಗ ಕೊಡ್ತೀನಿ? ರೈಲು ಹತ್ತುವ ಮುಂಚೆ, ಅಂದಳು ಮಗಳು. ಬೇಕಾದ ಶಕ್ತಿಯನ್ನೂ ದೇವರು ಹಾಗೇ, ಆ ಹೊತ್ತಿಗೆ ಕೊಡ್ತಾನೆ ಅನ್ನೋದು ಅಪ್ಪನ ಪಾಠ. ನಾನು ಜುಲೈನಿಂದ ಕೇಳ್ತಿದ್ದದ್ದು ಮನೆಯಿಂದ ಹೊರಡೋ ಮುಂಚೆಯೇ ಟಿಕೆಟ್ ಕೊಡು ಅಂತ.

ಹನ್ನೆರಡು ನಿಮಿಷ

ಅರ್ಧ ಗಂಟೆ ಬೇಕಾಗಲಿಲ್ಲ, ಹನ್ನೆರಡು ನಿಮಿಷದಲ್ಲಿ ಮುಗೀತು. ಅಂಗೈ ಬೆವರಿತ್ತು. ಧ್ವನಿ ಎರಡು ಸಲ ಒಡೆಯಿತು. ದೊಡ್ಡ ಸಮಾಧಾನ ಏನೂ ಇಳಿದು ಬರಲಿಲ್ಲ. ಒಂದು ವಾಕ್ಯ ಹೇಳಿದ ಮೇಲೆ ಮುಂದಿನ ವಾಕ್ಯಕ್ಕೆ ಬೇಕಾದಷ್ಟು ಉಸಿರು ಸಿಕ್ಕಿತು.

ಮ್ಯಾನೇಜರ್ ಕೇಳಿದ್ದು ಒಂದೇ: "ಯಾರೂ ಕೇಳಿರಲಿಲ್ಲ. ಈಗ ಯಾಕೆ ಹೇಳ್ತಿದ್ದೀಯಾ?"

"ಜುಲೈನಲ್ಲಿ ಒಬ್ಬ ಹುಡುಗನನ್ನ ಇದೇ ಕಾರಣಕ್ಕೆ ಬೇಡ ಅಂದೆ. ನಾನು ದೇವರನ್ನ ನಂಬೋನು. ಇನ್ನು ಇದನ್ನ ಹೊತ್ತುಕೊಂಡು ಇಲ್ಲಿ ಕೂರೋಕಾಗಲ್ಲ," ಅಂದೆ.

ಹನ್ನೊಂದು ದಿನ ಕಾಯಬೇಕಾಯ್ತು. ಆಮೇಲೆ ಎಚ್‌ಆರ್ ಕರೆದು ರಾಜೀನಾಮೆ ಕೊಡೋಕೆ ಹೇಳಿದರು. ಕೇಸ್ ಹಾಕಲಿಲ್ಲ. ಅದೇ ಸಂಜೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಕೊಟ್ಟು ಹೊರಗೆ ಬಂದೆ.

ಆಮೇಲೆ

ಇಂಥ ಸಾಕ್ಷಿಗಳ ಕೊನೆಯಲ್ಲಿ ಸಾಮಾನ್ಯವಾಗಿ ಎರಡರಷ್ಟು ಸಂಬಳದ ಕೆಲಸ ಸಿಗುತ್ತೆ. ನನಗೆ ಸಿಗಲಿಲ್ಲ. ಐದು ತಿಂಗಳು ಮನೆಯಲ್ಲಿದ್ದೆ. ಕಾರು ಮಾರಿದೆವು. ಹಿಂದಿನ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದಲ್ಲೆಲ್ಲ ನಿಜ ಹೇಳಿದೆ, ಹೆಚ್ಚಿನವರು ಮತ್ತೆ ಫೋನ್ ಮಾಡಲಿಲ್ಲ. ಕೆಲವು ರಾತ್ರಿ 'ಹೇಳಬಾರದಿತ್ತು' ಅಂತಾನೂ ಅನ್ನಿಸಿತು. ಅದನ್ನೂ ಬಚ್ಚಿಡೋಕೆ ಇಷ್ಟ ಇಲ್ಲ.

2025ರ ಏಪ್ರಿಲ್‌ನಲ್ಲಿ ಒಂದು ಸಣ್ಣ ಕಂಪನಿಗೆ ಸೇರಿದೆ. ರೆಸ್ಯೂಮೆಯಲ್ಲಿ ಈಗ ಇರೋದು ನಿಜವಾದ ವರ್ಷಗಳು ಮಾತ್ರ. ಸಂಬಳ ಮೊದಲಿಗಿಂತ ಮೂರನೇ ಒಂದು ಭಾಗ ಕಡಿಮೆ. ನೀನು ನಿಜ ಹೇಳಿದ್ದಕ್ಕೆ ತಗೊಂಡಿದ್ದಲ್ಲ, ಕೆಲಸ ಗೊತ್ತು ಅಂತ ತಗೊಂಡೆ ಅಂದರು ಅಲ್ಲಿನ ಬಾಸ್. ಅದು ನನಗೆ ಖುಷಿ ಕೊಟ್ಟಿತು.

ಆ ಹುಡುಗನನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಮಾಡಿದೆ. ನಿನ್ನ ಜಾಗದಲ್ಲಿ ನಾನೂ ಇದ್ದೆ, ಅವತ್ತು ನಾನು ಬರೆದ ಒಂದು ಸಾಲು ಬರೆಯೋ ಯೋಗ್ಯತೆ ನನಗಿರಲಿಲ್ಲ, ಇಂಟರ್‌ವ್ಯೂ ತಯಾರಿಗೆ ಸಹಾಯ ಬೇಕಿದ್ದರೆ ಹೇಳು ಅಂತ. ಉತ್ತರ ಬಂತು: "ಸರ್, ಇದರಿಂದ ಈಗ ನನಗೇನು ಉಪಯೋಗ?" ನ್ಯಾಯವಾದ ಪ್ರಶ್ನೆ. ನನ್ನ ವಿಧೇಯತೆ ತಡವಾಗಿ ಬಂದಿತ್ತು, ಅದರ ಬೆಲೆಯನ್ನ ಅವನೂ ಸ್ವಲ್ಪ ಕೊಟ್ಟಿದ್ದ. ಆ ಮೆಸೇಜನ್ನ ನಾನು ಡಿಲೀಟ್ ಮಾಡಿಲ್ಲ.

ಊರಿನ ಸಭೆಯಲ್ಲಿ ಮತ್ತೆ ಸಾಕ್ಷಿ ಹೇಳಿದೆ, ಈ ಸಲ ಪೂರ್ತಿ. ಮುಗಿಸಿ ಬಂದು ಕೂತಾಗ ಕಾಲು ನಡುಗ್ತಾನೇ ಇತ್ತು. ಪಕ್ಕದಲ್ಲಿದ್ದ ಅವ್ವ ಏನೂ ಹೇಳಲಿಲ್ಲ. ಬಳೆ ಹಾಕಿದ ಕೈಯನ್ನ ನನ್ನ ಮೊಣಕಾಲ ಮೇಲೆ ಇಟ್ಟಳು.

ನಿಮ್ಮ ವಿಷಯ ಬೇರೆ ಇರಬಹುದು. ಕ್ಷಮೆ ಕೇಳಬೇಕಾದ ಒಂದು ಫೋನ್, ಸಹಿ ಹಾಕಬಾರದ ಒಂದು ರಿಪೋರ್ಟ್, ನಿಲ್ಲಿಸಬೇಕಾದ ಒಂದು ಸಂಬಂಧ. ದೇವರು ಏನು ಹೇಳ್ತಿದ್ದಾನೆ ಅನ್ನೋದು ನಿಮಗೆ ಈಗಾಗಲೇ ಗೊತ್ತಿದ್ದರೆ, ಒಬ್ಬರ ಹತ್ತಿರವಾದರೂ ಬಾಯಿಬಿಡಿ. ಲೆಕ್ಕ ಹಾಕಿ, ತಿಳಿದವರನ್ನ ಕೇಳಿ, ಆದರೆ ಆ ತಯಾರಿಗೆ ಒಂದು ತಾರೀಖು ಇರಲಿ. ತಾರೀಖು ಇಲ್ಲದ ತಯಾರಿ ಏನು ಅಂತ ನನಗೆ ಚೆನ್ನಾಗಿ ಗೊತ್ತು, ನಾಲ್ಕು ತಿಂಗಳು ಅದನ್ನೇ ಮಾಡಿದವನು ನಾನು.

ಭಯ ಆ ದಿನವೂ ಜೊತೆಗೆ ಬರುತ್ತೆ. ಬರಲಿ ಬಿಡಿ. ನಮ್ಮಪ್ಪ ಹೇಳಿದ ಹಾಗೆ, ಅಂಜಕೋಂತನ ಹೋಗಿ.